ಕೋರ್ಟಿನ ಹುಲ್ಲು

"ಎಲ್ಲಿಗೆ ಹೊಂಟಿದ್ಯೇ ಮುದಿ ಮುಂಡೆ, ಹೊತ್ತು ಮುಳುಗೋ ಟೈಮಲ್ಲಿ?"

ಸಾರ್ಜೆಂಟ್ ನಮಕ್ವಾ ಕೇಳಿದ್ದು ನನ್ನನ್ನಲ್ಲ, ನಾನಾಗಲೇ ಲಾರಿಯ ಮೇಲಿದ್ದೆ. ಕೇಳಿದ್ದು ರಸ್ತೆಯ ಅಂಚಿನಲ್ಲಿ ತನ್ನ ಪಾಡಿಗೆ ನಡೆದು ಬರುತ್ತಿದ್ದ ದೋರಿಕಮ್ಮನನ್ನು. ಬಿಳಿ ರವಿಕೆ, ಕರಿ ಲಂಗ, ತಲೆಗೆ ಬಿಳಿ ವಸ್ತ್ರ, ಕಂಕುಳಲ್ಲಿ ಹಾಡಿನ ಪುಸ್ತಕ. ಚರ್ಚಿನ ಹೆಂಗಸರ ಸಂಘದ ಹಿರಿಯಳು. ಆ ಉಡುಪಿನ ಹೆಂಗಸು ಆ ಹೊತ್ತಿನಲ್ಲಿ ಎಲ್ಲಿಗೆ ಹೋಗುತ್ತಾಳೆ ಅಂತ ನಮ್ಮ ಬೋಮದ, ಅಂದರೆ ಈ ಕೋರ್ಟು-ಕಚೇರಿ ಊರಿನ, ಬೀದಿ ನಾಯಿಗೂ ಗೊತ್ತು. ಸಾವಿನ ಮನೆಗೆ, ಹೆಣದ ಪಕ್ಕ ಕೂತು ಹಾಡುವುದಕ್ಕೆ. ನಮಕ್ವಾನಿಗೂ ಗೊತ್ತಿತ್ತು. ಅವನ ತಾಯಿ ಸತ್ತಾಗ ಹಾಡಿದವಳೂ ಇವಳೇ.

ದೋರಿಕಮ್ಮ ಏನು ಮಾಡಿದಳು ಅಂತೀರಿ? ನಮ್ಮ ಕಡೆಯ ಮರ್ಯಾದಸ್ಥ ಹೆಂಗಸು ಏನು ಮಾಡುತ್ತಾಳೋ ಅದನ್ನೇ. ಕೆಸರನ್ನೂ ನೋಡದೆ ಎರಡು ಮಂಡಿ ಊರಿದಳು. ಅಂಗೈಗಳನ್ನು ಮೆಲ್ಲಗೆ ತಟ್ಟಿದಳು. "ಬ್ವಾನಾ, ಚೆನ್ನಾಗಿದ್ದೀರಾ? ಮನೇಲಿ ಎಲ್ಲಾ ಚೆನ್ನಾಗವ್ರಾ?" ಅಂತ ಕುಶಲ ಕೇಳಿದಳು. ಬೈದವನಾದರೇನು, ಮೊದಲು ಕುಶಲ, ಆಮೇಲೆ ಉತ್ತರ.

"ನೋಡ್ರಯ್ಯಾ, ಕೇಳೋಕ್ ಮುಂಚೇನೇ ತಪ್ಪೊಪ್ಕೊಂಡ್ ಮಂಡಿ ಊರ್‍ಬುಟ್ಳು!" ನಮಕ್ವಾ ತನ್ನ ಪೇದೆಗಳ ಕಡೆ ತಿರುಗಿ ನಕ್ಕ. "ಹತ್ಸಿ ಮೇಲೆ."

ಹತ್ತಿಸಿದರು. ಕೆಸರು ಮೆತ್ತಿದ ಲಂಗ ಕೊಡವುತ್ತಾ ನನ್ನ ಪಕ್ಕ ಬಂದು ಕೂತವಳು ನನ್ನ ಮುಖ ನೋಡಿ ಸ್ವಲ್ಪ ಸರಿದಳು. ಸರಿಯದೆ ಇನ್ನೇನು. ನಾನು ಎನಿಫಾ, ರಸ್ತೆಯಾಚೆಯ ಬಾಟಲ್ ಸ್ಟೋರಿನಲ್ಲಿ ಬಿಯರ್ ಕೊಡುವವಳು. ಬೇರೆ ಏನೇನು ಮಾಡುತ್ತೇನೆ ಅನ್ನುವುದನ್ನು ಅವಳ ಸಂಘದವರು ಭಾನುವಾರ ಚರ್ಚು ಬಿಟ್ಟ ಮೇಲೆ ನನಗಿಂತ ವಿವರವಾಗಿ ಹೇಳುತ್ತಾರೆ.

ನಮ್ಮನ್ನು ಹಿಡಿಯುವ ಕಾನೂನು ಬಿಳಿಯರು ಬಿಟ್ಟುಹೋದದ್ದು. ಪೋಕರಿಗಳು ಮತ್ತು ಅಲೆಮಾರಿಗಳು ಅಂತ ಅದರ ಹೆಸರು. ಕದ್ದಿರಬೇಕಾಗಿಲ್ಲ, ಹೊಡೆದಿರಬೇಕಾಗಿಲ್ಲ. ರಸ್ತೆಯಲ್ಲಿ ಇದ್ದರಾಯಿತು. ಯಾಕಿದ್ದೀಯ ಅಂದಾಗ ನೀವು ಹೇಳುವ ಉತ್ತರ ಪೊಲೀಸಪ್ಪನ ಮನಸ್ಸಿಗೆ ಬರದಿದ್ದರಾಯಿತು. ಅವನಿಗೆ ಕಾಣುವಂತೆ ನೀವು ಮುಂದೆ ಏನೋ ಮಾಡುವವರು. ಕಾರಿನವರನ್ನು ಈ ಕಾನೂನು ಯಾವತ್ತೂ ಹಿಡಿದದ್ದಿಲ್ಲ. ಕಾಲಿರುವವರನ್ನು ಮಾತ್ರ.

ಆದರೆ ನಮ್ಮ ಬೋಮದಲ್ಲಿ ಈ ಕಾನೂನಿನ ನಿಜವಾದ ಹೆಸರು ಹುಲ್ಲು. ಮಳೆ ಹಿಡಿದರೆ ಕೋರ್ಟಿನ ಅಂಗಳದಲ್ಲಿ ಹುಲ್ಲು ಬೆಳೆಯುತ್ತದೆ. ಅದನ್ನು ಕೊಚ್ಚಲು ಸರ್ಕಾರ ಆಳು ಇಟ್ಟಿಲ್ಲ. ಹುಲ್ಲು ಮಂಡಿಯೆತ್ತರಕ್ಕೆ ಬಂತೋ, ಸಂಜೆ ಲಾರಿ ಹೊರಡುತ್ತದೆ. ಬಾರಿನ ಹೆಂಗಸರು, ಮೀನು ಮಾರುವವರು, ಕೆಲಸ ಹುಡುಕಿ ಹಳ್ಳಿಯಿಂದ ಬಂದವರು, ಕೈಗೆ ಸಿಕ್ಕವರೆಲ್ಲ ಲಾರಿಗೆ. ಸೋಮವಾರ ಕೋರ್ಟಿನಲ್ಲಿ "ತಪ್ಪು ಒಪ್ಪುತ್ತೀಯಾ?" ಅಂತ ಕೇಳುತ್ತಾರೆ. "ಹೌದು ಬ್ವಾನಾ" ಅನ್ನಬೇಕು. ಮಧ್ಯಾಹ್ನದವರೆಗೆ ಕೋರ್ಟಿನ ಹುಲ್ಲು ಕೊಚ್ಚುವ ಶಿಕ್ಷೆ. ಕೊಚ್ಚಿ ಮನೆಗೆ ಹೋಗುವುದು. ನಾನು ಪ್ರತಿ ಮಳೆಗಾಲ ಹೌದು ಅಂದಿದ್ದೇನೆ, ಪ್ರತಿ ಮಳೆಗಾಲ ಕೊಚ್ಚಿದ್ದೇನೆ. ಆ ಅಂಗಳದ ಇಳಿಜಾರು, ಕಲ್ಲು, ಇರುವೆ ಗೂಡು ಎಲ್ಲ ನನಗೆ ಗೊತ್ತು.

ಹೀಗಿದ್ದೂ ಯಾಕೆ ಸಿಕ್ಕಿಬಿದ್ದೆ ಅಂದರೆ, ಲೆಕ್ಕ ತಪ್ಪಿತು. ನಾವೆಲ್ಲ ಹುಲ್ಲು ನೋಡಿಕೊಂಡೇ ಬದುಕುವವರು. ನೀರು ತರಲು ಹೋದಾಗ ಕೋರ್ಟಿನ ಬೇಲಿಯಾಚೆ ಒಂದು ಕಣ್ಣು ಹಾಕುವುದು, ಎತ್ತರ ಕಂಡರೆ ಸಂಜೆ ಹಿತ್ತಿಲ ಬಾಗಿಲಿನಿಂದ ಓಡಾಡುವುದು. ಈ ಸಲ ನೋಡಿದಾಗ ಮೀನಖಂಡಕ್ಕೂ ಬಂದಿರಲಿಲ್ಲ. ನಿಶ್ಚಿಂತೆಯಿಂದ ಅಂಗಡಿ ಬಾಗಿಲಲ್ಲಿ ನಿಂತು ತಲೆ ಬಾಚಿಕೊಳ್ಳುತ್ತಿದ್ದೆ. ಮಂಗಳವಾರ ಮಂತ್ರಿ ಬರುತ್ತಾರೆ ಅನ್ನುವ ಸುದ್ದಿ ನನ್ನ ಕಿವಿಗೆ ಬಿದ್ದಿರಲಿಲ್ಲ. ಮಂತ್ರಿ ಬಂದರೆ ಗಿಡ್ಡ ಹುಲ್ಲೂ ಉದ್ದ ಹುಲ್ಲೇ.

*

ಹಿಡಿದದ್ದು ಶುಕ್ರವಾರ. ಶನಿವಾರ, ಭಾನುವಾರ ಕೋರ್ಟಿಲ್ಲ. ಹೆಂಗಸರ ಕೋಣೆ ಅಂದರೆ ಒಂದು ಕಿಟಕಿ, ಒಂದು ಬಕೆಟ್ಟು, ಒಬ್ಬರ ಕಾಲು ಇನ್ನೊಬ್ಬರ ತಲೆಯ ಹತ್ತಿರ. ಬೆಳಿಗ್ಗೆ ನೀರು ನೀರಾದ ಗಂಜಿ, ಮಧ್ಯಾಹ್ನ ಹುಳು ಬಿದ್ದ ಅಲಸಂದೆಯ ಜೊತೆ ಮೆಕ್ಕೆಜೋಳದ ನ್ಸಿಮ ಮುದ್ದೆ.

ದೋರಿಕಮ್ಮ ಒಳಗೆ ಬಂದವಳೇ ಮಾಡಿದ ಮೊದಲ ಕೆಲಸ ರವಿಕೆ ಬಿಚ್ಚಿದ್ದು. ಒಳಗಿನದು ಹೊರಗೆ ಮಾಡಿ ಮಡಿಸಿ, ಲಂಗದ ಮೇಲೆ ಸುತ್ತಿಕೊಳ್ಳುವ ತನ್ನ ಚಿತೇಂಜೆ ಬಟ್ಟೆಯಲ್ಲಿ ಸುತ್ತಿ ಕಿಟಕಿ ಸರಳಿಗೆ ಗಂಟು ಹಾಕಿದಳು. ಮೈಗೆ ಫಲೇಸಿ ಕೊಟ್ಟ ಇನ್ನೊಂದು ಬಟ್ಟೆ ಸುತ್ತಿಕೊಂಡಳು. ಫಲೇಸಿ ಮೀನು ಮಾರುವವಳು, ಮೈಯೂ ದೊಡ್ಡದು, ಬಾಯಿಯೂ ದೊಡ್ಡದು. ಆ ಬಟ್ಟೆಯಿಂದ ಒಣಮೀನಿನ ನಾತ ಗೋಡೆಗೂ ಹತ್ತಿತು.

"ಅದೇನ್ ದೋರಿಕಮ್ಮಾ, ರವಿಕೇನ ದೇವ್ರ ಥರಾ ನೇತಾಕಿದ್ದೀ?" ಅಂದಳು ಫಲೇಸಿ.

"ಕೊಳೆ ಆಗ್ಬಾರ್ದು ಕಣವ್ವ. ಸೋಮವಾರ ಕೋರ್ಟಿಗೆ ಹಾಕ್ಕೊಬೇಕು."

"ಕೋರ್ಟಿಗಾ? ಅಲ್ ಹೋಗಿ ಹೌದು ಅನ್ನೋಕೆ ಬಿಳಿ ರವಿಕೆ ಬೇರೆ!"

"ನಾ ಹೌದು ಅನ್ನಲ್ಲ."

ಕೋಣೆಯಲ್ಲಿ ಎಲ್ಲರೂ ನಕ್ಕರು. ನಾನೇ ಜೋರಾಗಿ ನಕ್ಕೆ. "ಅಯ್ಯೋ ನಮ್ಮವ್ವಾ, ಹೌದು ಅಂದ್ರೆ ಮಧ್ಯಾಹ್ನುಕ್ ಮನೆ. ಇಲ್ಲ ಅಂದ್ರೆ ಜೈಲು. ಸಾಕ್ಷಿ ಬರೋವರ್ಗೂ ಜೈಲು. ಸಾಕ್ಷಿ ಯಾವತ್ತೂ ಬರಲ್ಲ. ಇಲ್ಲ ಅಂದೋಳ್ ಒಬ್ಳು ಮಳೆ ಹೋಗಿ ಬಿಸ್ಲು ಬಂದು ತಿರ್‍ಗಾ ಮಳೆ ಬಂದ್ರೂ ಒಳಗವ್ಳಂತೆ. ಹೌದು ಅಂದ್ಬುಟ್ಟು ಹುಲ್ ಕೊಚ್ಚಿ ಹೋಗು ಸುಮ್ಕೆ. ಬಾಯಲ್ಲಿ ಅಂದ್ರೆ ಬಾಯೇನ್ ಸವೆದೋಗ್ತದಾ?"

"ನಿಂಗೆ ಸವೆಯಲ್ಲ ಕಣಮ್ಮಿ," ಅಂದಳು ದೋರಿಕಮ್ಮ. ಚುಚ್ಚಲಿಲ್ಲ, ಇದ್ದದ್ದನ್ನು ಹೇಳಿದಳು. "ನಾನು ಹೌದು ಅಂದ್ರೆ ಅಪರಾಧಿ. ಅಪರಾಧಿ ಆದ್ರೆ ಹಿರಿಯರ ಸಭೆ ರವಿಕೆ ಕಿತ್ಕೊಳ್ತದೆ. ರವಿಕೆ ಕಳ್ಕೊಂಡೋಳ ಹೆಣಕ್ಕೆ ಸಂಘ ಹಾಡಲ್ಲ. ಮಕ್ಳಿಲ್ಲ ಮರಿಯಿಲ್ಲ ನಂಗೆ. ಊರಾಗ್ ಸತ್ತೋರ್ಗೆಲ್ಲ ಹಾಡಿದ್ದೀನಿ. ನನ್ ಹೆಣ ಮೂಕಾಗ್ ಹೋಗ್ಬೇಕಾ?"

ನನಗೆ ನಗು ನಿಂತಿತು. ನನ್ನ ಹೆಣಕ್ಕೆ ಯಾರು ಹಾಡುತ್ತಾರೆ ಅಂತ ನಾನು ಯೋಚಿಸಿದ್ದೇ ಇಲ್ಲ, ಯೋಚಿಸಬಾರದು ಅಂತಲೇ ಯೋಚಿಸಿರಲಿಲ್ಲ. ಅದನ್ನು ಮರೆಯುವುದಕ್ಕೇ ನಾನು ಆ ಆಟ ಶುರುಮಾಡಿದ್ದು.

ಕೋರ್ಟಿನ ಆಟ. ಹೊತ್ತು ಹೋಗಲು ನಾವು ಪ್ರತಿ ಸಲ ಆಡುತ್ತೇವೆ. ನೆಲ ಒರೆಸುವ ಜುಂಗು ಕೋಲಿನ ತಲೆ ಕಿತ್ತು ನನ್ನ ತಲೆಯ ಮೇಲಿಟ್ಟರೆ ನಾನು ಮ್ಯಾಜಿಸ್ಟ್ರೇಟು. ಫಲೇಸಿ ಸಾರ್ಜೆಂಟು, ಹೊಟ್ಟೆ ಮುಂದೆ ಮಾಡಿ ನಿಂತರೆ ಸಾಕು, ಬೇರೆ ವೇಷ ಬೇಡ.

"ಆರೋಪಿ ದೋರಿಕಾ!" ಅಂತ ಕೂಗಿದೆ. "ಹೊತ್ತು ಮುಳುಗೋ ಟೈಮಲ್ಲಿ, ಎರಡು ಕಾಲು ಇಟ್ಕೊಂಡು, ಒಂದಾದ್ಮೇಲೆ ಒಂದು ಮುಂದಕ್ ಹಾಕ್ತಾ ಇದ್ದೆ ಅಂತ ಸಾರ್ಜೆಂಟ್ರು ಹೇಳ್ತವ್ರೆ. ನಿಜವಾ?"

ದೋರಿಕಮ್ಮ ಎದ್ದು ಬಂದಳು, ಬಾಯಿ ತೆರೆದಳು, ಮಂಡಿ ಊರಿದಳು.

"ಎದ್ದೇಳೇ! ಮಂಡಿಯೂರಿದ್ರೆ ಒಪ್ಕೊಂಡಂಗೆ! ನಮಕ್ವಾ ರಸ್ತೇಲಿ ಏನಂದ ಕೇಳಿಸ್ಲಿಲ್ವಾ?"

"ಬೇಕಂತ ಊರಿಲ್ಲ ಕಣೇ. ತಾನಾಗೇ ಮಡಚ್ಕೊಳ್ತದೆ."

ಬೈದು ಪ್ರಯೋಜನವಿಲ್ಲ. ನಮ್ಮಲ್ಲಿ ಹುಡುಗಿ ನಡೆಯಲು ಕಲಿಯುವಾಗಲೇ ಮಂಡಿ ಊರಲೂ ಕಲಿಯುತ್ತಾಳೆ. ಅಪ್ಪನಿಗೆ ನೀರು ಕೊಡುವಾಗ, ಗಂಡನಿಗೆ ಊಟ ಕೊಡುವಾಗ, ಮುಖಂಡನ ಮುಂದೆ, ಪಾದ್ರಿಯ ಮುಂದೆ. ನಾನೇನು ಕಡಿಮೆಯೇ, ಗಿರಾಕಿಗೆ ಬಿಯರ್ ಕೊಡುವಾಗ ನನ್ನ ಮಂಡಿಯೂ ಬಗ್ಗುತ್ತದೆ, ಅವನು ವಾಂತಿ ಮಾಡಿಕೊಂಡು ಕೂತಿದ್ದರೂ. ಹಾಗಾಗಿ ಒಂದು ನಿಯಮ ಮಾಡಿದೆ. ಯಾರು ಮಂಡಿ ಊರುತ್ತಾರೋ ಅವರು ಬೆಳಿಗ್ಗೆ ಬಕೆಟ್ಟು ಹೊರಬೇಕು. ಯಾವ ಬಕೆಟ್ಟು ಅಂತ ಬಿಡಿಸಿ ಹೇಳಬೇಕಾಗಿಲ್ಲ. ದೋರಿಕಮ್ಮನೇ ಹೊತ್ತಳು. ಮಾರನೆಯ ದಿನವೂ ಅವಳೇ ಹೊತ್ತಳು. ಮಂಡಿ ಬಗ್ಗಲು ಶುರುವಾದ ತಕ್ಷಣ "ಬಕೆಟ್ಟೂ!" ಅಂತ ಇಡೀ ಕೋಣೆ ಕೂಗುವುದು, ಅವಳು ಬೆಚ್ಚಿ ನೆಟ್ಟಗಾಗುವುದು. ಕೊನೆಕೊನೆಗೆ ಅವಳೇ ಬಾಯಿಗೆ ಬಟ್ಟೆಯಂಚು ಮುಚ್ಚಿಕೊಂಡು ನಗುತ್ತಿದ್ದಳು.

ನಡುನಡುವೆ ಜಗಳವೂ ಆಯಿತು. ಫಲೇಸಿ ಸಾರ್ಜೆಂಟ್ ವೇಷದಲ್ಲೇ ಕೂಗಾಡಿದಳು. "ನನ್ ಮೀನ್ ಬುಟ್ಟಿ ಕಿತ್ಕೊಂಡ್ ಓಡಿದ್ನಲ್ಲ ಆ ನನ್ಮಗ, ಅವನ್ನ ಹಿಡೀರಪ್ಪಾ ಅಂತ ಇದೇ ಸ್ಟೇಷನ್‌ಗ್ ಬಂದು ಅತ್ತಿದ್ದೆ. ಗಾಡೀಗ್ ಪೆಟ್ರೋಲಿಲ್ಲ ಅಂದ್ರು! ನನ್ನ ಹಿಡಿಯೋಕ್ ಎಲ್ಲಿಂದ ಬಂತು ಪೆಟ್ರೋಲು? ಇಂಥಾ ಪೊಲೀಸ್ರೇ ಬ್ಯಾಡ!"

ಮೂಲೆಯಲ್ಲಿ ಲಿಜಿನೆಟ್ ಅನ್ನುವ ಚಿಕ್ಕ ಪ್ರಾಯದವಳು ಕೂತಿದ್ದಳು. ಎಳೆಕೂಸನ್ನು ತಾಯಿಯ ಹತ್ತಿರ ಬಿಟ್ಟು ಉಪ್ಪು ತರಲು ಬಂದವಳು. ಎದೆಹಾಲು ಒಸರಿ ಬಟ್ಟೆ ತೊಯ್ದಿತ್ತು. ಅವಳು ಮೆಲ್ಲಗೆ ಅಂದಳು, "ಪೊಲೀಸ್ರೇ ಬ್ಯಾಡ ಅಂದ್ರೆ ಹೆಂಗಕ್ಕಾ? ಕಳ್ರನ್ನ ಯಾರ್ ಹಿಡೀತಾರೆ?"

"ಊರೋರ್ ಹಿಡೀತಾರೆ," ಅಂದೆ ನಾನು. "ಹಿಡ್ದಿದ್ನ ನೋಡಿದ್ದೀನಿ. ನಮ್ಮಂಗ್ಡಿ ಮುಂದೇನೇ. ಕುತ್ಗೇಗೆ ಟೈರ್ ಹಾಕಿ ಬೆಂಕಿ ಹಚ್ಚಿದ್ರು. ಫೋನ್ ಕದ್ದವ್ನೆ ಅಂತ. ಆಮೇಲ್ ನೋಡಿದ್ರೆ ಫೋನು ನಮ್ ಬೆಂಚ್ ಕೆಳಗೇ ಬಿದ್ದಿತ್ತು."

ಆ ವಾಸನೆ ಇವತ್ತಿಗೂ ನನ್ನ ಮೂಗಿನಿಂದ ಹೋಗಿಲ್ಲ.

"ಅದುಕ್ಕೇ ಅಲ್ವೇನ್ರವ್ವಾ ಕೋರ್ಟು ಇರೋದು," ಅಂದಳು ದೋರಿಕಮ್ಮ. "ಮೊದ್ಲು ಕೇಳಿ ಆಮೇಲೆ ಹೇಳೋಕೆ. ಕೇಳ್ದೇನೇ ಹೇಳೋದಾದ್ರೆ ಟೈರೇನು, ಕೋರ್ಟೇನು?"

"ಅದ್ನೇ ನಾಳಿದ್ದು ಸಾಹೇಬ್ರ ಮುಂದೆ ಹೇಳು," ಅಂದೆ. "ನಿಂತ್ಕೊಂಡ್ ಹೇಳು ಆದ್ರೆ."

*

ಭಾನುವಾರ ಆರಾಧನೆ ಮುಗಿಸಿ ಪಾದ್ರಿ ಬಂದರು. ಛತ್ರಿ, ಹೊಳೆಯುವ ಬೂಟು, ಕೈಯಲ್ಲಿ ಮಡಿಸಿದ ನೀಲಿ ಪ್ಲಾಸ್ಟಿಕ್ ಚೀಲ. ಜಗುಲಿಗೆ ನಮ್ಮನ್ನು ಬಿಟ್ಟರು. ದೋರಿಕಮ್ಮ ಕಂಡೊಡನೆ ಮಂಡಿ ಊರಿದಳು. ನಾನು "ಬಕೆಟ್ಟು" ಅಂದೆ, ಅವಳಿಗೆ ಕೇಳಿಸಲಿಲ್ಲ.

"ನಾಳೆ ಹೌದು ಅಂದ್ಬಿಡು ತಾಯಿ," ಅಂದರು ಪಾದ್ರಿ. "ದೊಡ್ಡವರು ಬರ್ತಾ ಇದ್ದಾರೆ. ಚರ್ಚಿನ ಮಾಡಿಗೆ ತಗಡು ಕೊಡಿಸ್ತೀನಿ ಅಂದಿದ್ದಾರೆ. ಈ ಹೊತ್ತಲ್ಲಿ ನಮ್ಮ ಸಂಘದ ಹೆಂಗಸು ಕೋರ್ಟಲ್ಲಿ ವಾದ ಮಾಡಿದ್ಲು ಅಂದ್ರೆ ಚೆನ್ನಾಗಿರಲ್ಲ."

"ನಾನ್ ತಪ್ ಮಾಡಿಲ್ಲ ಪಾದ್ರಿಗಳೇ. ಹಾಡೋಕ್ ಹೋಗ್ತಿದ್ದೆ. ನೀವೇ ಕಳ್ಸಿದ್ರಿ."

"ನಂಗೊತ್ತು, ದೇವರಿಗೂ ಗೊತ್ತು. ಆದ್ರೂ ಹೌದು ಅನ್ನು."

"ಅಂದ್ರೆ ರವಿಕೆ?"

ಪಾದ್ರಿ ಛತ್ರಿಯ ತುದಿಯಿಂದ ನೆಲ ಗೀರಿದರು. "ಅಪರಾಧಿ ಅಂತ ಆದ್ಮೇಲೆ ಸಭೆ ತಗೊಳ್ಳಲೇಬೇಕಾಗುತ್ತೆ. ನಿಯಮ. ನಾಳೆ ನಾನೇ ಬಂದು ಇಸ್ಕೊಂಡು ಹೋಗ್ತೀನಿ. ಯಾರ ಕೈಲೋ ಕಳಿಸೋದು ಬೇಡ, ನಿನಗೂ ಮರ್ಯಾದೆ."

ನನಗೆ ತಡೆಯಲಾಗಲಿಲ್ಲ. "ಒಪ್ಕೋ ಅನ್ನೋರೂ ನೀವೇ, ಒಪ್ಕೊಂಡ್ಳು ಅಂತ ಕಿತ್ಕೊಳ್ಳೋರೂ ನೀವೇ. ಭಾರೀ ಚೆನ್ನಾಗೈತೆ ಸ್ವಾಮಿ."

"ಕುಡುಕರ ಅಂಗಡಿ ಹೆಂಗಸಿನ ಹತ್ತಿರ ನಾನು ಮಾತಾಡ್ತಾ ಇಲ್ಲ."

"ನೀವ್ ಮಾತಾಡ್ಬೇಡಿ. ನಿಮ್ ಹಿರಿಯರ ಸಭೇಲಿ ಅರ್ಧ ಜನ ನಮ್ಮಂಗ್ಡಿ ಹಿಂದ್ಗಡೆ ಬೆಂಚಲ್ಲಿ ಕೂತು ಮಾತಾಡ್ತಾರೆ, ಸಾಕು."

ಪೇದೆಯೊಬ್ಬ ಹಲ್ಲು ಕಿರಿದ. ಪಾದ್ರಿಯ ಮುಖ ಕೆಂಪಾಯಿತೋ ಇಲ್ಲವೋ, ಛತ್ರಿ ಬಿಚ್ಚಿ ಬಿಸಿಲಿಲ್ಲದ ಕಡೆಯೂ ಹಿಡಿದುಕೊಂಡು ಹೋದರು. ದೋರಿಕಮ್ಮ ಇನ್ನೂ ಮಂಡಿಯ ಮೇಲೇ ಇದ್ದಳು. ಕೈ ಹಿಡಿದು ಎತ್ತಿದೆ. ಈ ಸಲ ಅವಳು ಸರಿಯಲಿಲ್ಲ, ನನ್ನ ಕೈ ಹಿಡಿದುಕೊಂಡೇ ಒಳಗೆ ಬಂದಳು.

*

ಸೋಮವಾರ. ಕೋರ್ಟಿನ ಜಗುಲಿ ಹತ್ತುವಾಗ ಫಲೇಸಿ ನನ್ನ ಪಕ್ಕೆಗೆ ತಿವಿದಳು. ಗೋಡೆಗೆ ಒರಗಿಸಿ ಹುಲ್ಲು ಕೊಚ್ಚುವ ಕತ್ತಿಗಳನ್ನು ಸಾಲಾಗಿ ನಿಲ್ಲಿಸಿದ್ದರು, ಒಬ್ಬೊಬ್ಬಳಿಗೆ ಒಂದೊಂದು. ಸಾಹೇಬರು ಇನ್ನೂ ಕುರ್ಚಿಗೆ ಬಂದಿರಲಿಲ್ಲ. ನಮ್ಮ ಶಿಕ್ಷೆ ಆಗಲೇ ಬಂದು ಕಾಯುತ್ತಿತ್ತು.

"ಸಾಹೇಬ್ರಿಗೆ ತಲೆನೋವು ಕೊಡ್ಬೇಡಿ," ಅಂದ ನಮಕ್ವಾ. "ಹೌದು ಅನ್ನಿ, ಕತ್ತಿ ತಗೊಳ್ಳಿ. ಮಧ್ಯಾಹ್ನದೊಳಗೆ ಅಂಗಳ ನುಣ್ಣಗಾಗ್ಬೇಕು. ಗೇಟಿಂದ ಬಾವುಟದ ಕಂಬದವರೆಗೆ."

ಮ್ಯಾಜಿಸ್ಟ್ರೇಟ್ ಕಚಿಂಗ್ವೆ ಸಾಹೇಬರು ಬಂದರು, ಕನ್ನಡಕ ಒರೆಸಿಕೊಂಡರು, ಇಂಗ್ಲಿಷಿನಲ್ಲಿ ಓದಿದರು. ಗುಮಾಸ್ತ ಅದನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳಿದ. ಮೊದಲ ಹೆಸರೇ ದೋರಿಕಮ್ಮನದು.

ಬಿಳಿ ರವಿಕೆಯಲ್ಲಿ ಒಂದು ಕಲೆ ಇರಲಿಲ್ಲ. ಬಾಗಿಲ ಹತ್ತಿರ ಪಾದ್ರಿ ನೀಲಿ ಚೀಲದ ಜೊತೆ ನಿಂತಿದ್ದರು. ಅವಳು ಆರೋಪಿಯ ಕಟಕಟೆಯೊಳಗೆ ಹೋದಳು. ಅದು ಎದೆಯೆತ್ತರದ ಮರದ ಪೆಟ್ಟಿಗೆ. ಸಾಹೇಬರು ತಲೆಯೆತ್ತಿ ಅವಳನ್ನು ನೋಡಿದರು. ನೋಡಿದ್ದೇ ತಡ, ದೋರಿಕಮ್ಮ ಮಾಯ.

"ಆರೋಪಿ ಎಲ್ಲಿ?" ಅಂದರು ಸಾಹೇಬರು.

ಗುಮಾಸ್ತ ಪೆಟ್ಟಿಗೆಯೊಳಗೆ ಇಣುಕಿದ. "ಇಲ್ಲೇ ಇದ್ದಾಳೆ ಮಹಾಸ್ವಾಮಿ. ಕೆಳಗಿದ್ದಾಳೆ."

ಕೋರ್ಟಿಗೆ ಕೋರ್ಟೇ ನಕ್ಕಿತು. ಫಲೇಸಿ ತಲೆ ಚಚ್ಚಿಕೊಂಡಳು. ಪೆಟ್ಟಿಗೆಯ ಒಳಗಿನಿಂದ ಮೆಲ್ಲಗೆ ಚಪ್ಪಾಳೆ ಕೇಳಿಸಿತು. ಆ ಮಹಾತಾಯಿ ಅಲ್ಲಿ ಕೂತು ಸಾಹೇಬರ ಮನೆಯವರ ಕುಶಲ ಕೇಳುತ್ತಿದ್ದಳು.

"ಮಂಡಿಯೂರಿ ಕ್ಷಮೆ ಕೇಳ್ತಾ ಇದ್ದಾಳೆ," ಅಂದರು ಸಾಹೇಬರು, ಪಾಪ, ಕರುಣೆಯಿಂದಲೇ ಅಂದರು. "ತಪ್ಪು ಒಪ್ಪಿದ್ದಾಳೆ ಅಂತ ಬರೆದುಕೊಳ್ಳಿ. ಮುಂದಿನವರು."

ಗುಮಾಸ್ತ ಪೆನ್ನು ಎತ್ತಿದ. ಬಾಗಿಲ ಹತ್ತಿರ ಪ್ಲಾಸ್ಟಿಕ್ ಚೀಲ ಬಿಚ್ಚಿದ ಸದ್ದು ಚರಪರ ಕೇಳಿಸಿತು. ಆ ಸದ್ದಿಗೆ ನನಗೆ ಎಲ್ಲಿತ್ತೋ ಸಿಟ್ಟು, ಬೆಂಚಿನ ಮೇಲೆ ಎದ್ದು ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ.

"ಬಕೆಟ್ಟು ದೋರಿಕಮ್ಮಾ! ಬಕೆಟ್ಟೂ!"

ಸಾಹೇಬರು ಬೆಚ್ಚಿದರು. ನಮಕ್ವಾ ನನ್ನ ತೋಳು ಹಿಡಿದು ಕೂರಿಸಿದ. ಅಷ್ಟರಲ್ಲಿ ಪೆಟ್ಟಿಗೆಯ ಅಂಚಿನ ಮೇಲೆ ಬೆರಳುಗಳು ಕಂಡವು. ಆಮೇಲೆ ಬಿಳಿ ತಲೆವಸ್ತ್ರ. ಆಮೇಲೆ ಮುಖ. ದೋರಿಕಮ್ಮ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು, ಬಿಟ್ಟರೆ ಮತ್ತೆ ಕೆಳಗಿಳಿದುಬಿಡುತ್ತೇನೆ ಅನ್ನುವ ಹೆದರಿಕೆ ಅವಳಿಗಿತ್ತು.

"ಬ್ವಾನಾ, ಬರೀಬ್ಯಾಡಿ," ಅಂದಳು. "ಮಂಡಿ ಊರಿದ್ದು ಮರ್ಯಾದೆಗೆ. ತಪ್ಪಿಗಲ್ಲ. ನಾನ್ ತಪ್ ಮಾಡಿಲ್ಲ. ಹಾಡೋಕ್ ಹೊಂಟಿದ್ದೆ. ಸಾರ್ಜೆಂಟ್ರ ತಾಯಿಗೂ ನಾನೇ ಹಾಡಿದ್ದು, ಕೇಳಿ ಅವ್ರನ್ನ."

ಗುಮಾಸ್ತ ತಿರುಗಿಸಿ ಹೇಳುವ ಅಗತ್ಯವೇ ಇರಲಿಲ್ಲ. ಸಾಹೇಬರೂ ನಮ್ಮ ಸೀಮೆಯವರೇ. ಅವರು ನಮಕ್ವಾನನ್ನು ನೋಡಿದರು. ನಮಕ್ವಾ ಟೋಪಿಯ ಒಳಭಾಗ ನೋಡಿಕೊಳ್ಳುತ್ತಿದ್ದ.

"ಒಪ್ಪದಿದ್ದರೆ ವಿಚಾರಣೆ ಆಗಬೇಕು," ಅಂದರು ಸಾಹೇಬರು. ದನಿಯಲ್ಲಿ ಕರುಣೆ ಇರಲಿಲ್ಲ. "ಸಾಕ್ಷಿ ಬರಬೇಕು. ಅಲ್ಲಿಯವರೆಗೆ ಜೈಲು. ಮಳೆಗಾಲ ಕಳೆಯಬಹುದು. ಗೊತ್ತಾಯ್ತಾ? ಈಗಲೂ ಒಪ್ಪಿದರೆ ಮಧ್ಯಾಹ್ನಕ್ಕೆ ಮನೆಗೆ ಹೋಗುತ್ತೀಯ."

"ಗೊತ್ತಾಯ್ತು ಬ್ವಾನಾ. ಒಪ್ಪಲ್ಲ."

ಅವಳ ಮಂಡಿ ಒಂದು ಸಲ ಬಗ್ಗಿತು. ನೆಟ್ಟಗಾಯಿತು.

ಎರಡನೆಯವಳು ಲಿಜಿನೆಟ್. "ಹೌದು ಬ್ವಾನಾ," ಅಂದಳು, ಅಳುತ್ತಾ ನಮ್ಮ ಕಡೆ ನೋಡದೆ ಹೊರಗೆ ಹೋದಳು. ನಾವು ಯಾರೂ ಏನೂ ಅಂದುಕೊಳ್ಳಲಿಲ್ಲ. ಕೂಸು ಕಾಯುತ್ತದೆಯೇ, ಕೋರ್ಟು ಬೇಕಾದರೆ ಕಾಯಲಿ.

ಮೂರನೆಯವಳು ನಾನು.

"ಮತ್ತೆ ನೀನಾ," ಅಂದರು ಸಾಹೇಬರು, ಕನ್ನಡಕದ ಮೇಲಿನಿಂದ ನೋಡಿ. "ನಿನಗೆ ಓದಿ ಹೇಳೋದು ಬೇಡ ಅಲ್ಲವಾ? ಒಪ್ಪುತ್ತೀಯ."

ಅದು ಪ್ರಶ್ನೆಯಾಗಿರಲಿಲ್ಲ. ಬಾಗಿಲಲ್ಲಿ ಪೇದೆ ಆಗಲೇ ನನ್ನ ಕತ್ತಿ ಹಿಡಿದುಕೊಂಡು ನಿಂತಿದ್ದ, ಹಿಡಿ ನನ್ನ ಕಡೆಗೆ. ಹೌದು ಅನ್ನುವುದು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು, ಅದಕ್ಕೆ ಅಭ್ಯಾಸ. ಮಧ್ಯಾಹ್ನಕ್ಕೆ ಮನೆ. ಸ್ನಾನ. ಸಂಜೆ ಅಂಗಡಿ. ಇಲ್ಲ ಅಂದರೆ ಅಂಗಡಿಯವನು ನಾಳೆಯೇ ಬೇರೆ ಹುಡುಗಿಯನ್ನು ಇಟ್ಟುಕೊಳ್ಳುತ್ತಾನೆ. ನನಗೆ ಉಳಿಸಿಕೊಳ್ಳಲು ಯಾವ ರವಿಕೆಯೂ ಇಲ್ಲ. ಏನು ದೊಡ್ಡ ವಿಷಯ ಅಂತ ಬಾಯಿ ತೆರೆದೆ.

ತೆರೆದ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಇವರು ನನ್ನ ಬಾಯಿಂದ ಹೌದು ಹೌದು ಅನ್ನಿಸಿ ಅಂಗಳ ಚೊಕ್ಕಟ ಮಾಡಿಸಿಕೊಂಡಿದ್ದಾರೆ, ಬಾಯಿ ಸವೆಯುವುದಿಲ್ಲ ಅಂತ ನಾನೇ ನಂಬಿದ್ದೆ. ಸವೆದಿತ್ತು. ನನ್ನನ್ನು ಈಗ ಕೇಳುವುದೂ ಇಲ್ಲ.

"ಇಲ್ಲ," ಅಂದೆ.

"ಏನು?"

"ಒಪ್ಪಲ್ಲ ಸಾಹೇಬ್ರೇ. ಎಲ್ಲಿಗೋ ಹೊಂಟಿದ್ದೆ ಅಂತ ಬರ್ಸವ್ರೆ. ನಾನ್ ಎಲ್ಲಿಗೂ ಹೊಂಟಿರ್‍ಲಿಲ್ಲ. ನಮ್ಮಂಗ್ಡಿ ಬಾಗ್ಲಲ್ ನಿಂತು ತಲೆ ಬಾಚ್ಕೊಳ್ತಿದ್ದೆ. ನಿಂತೋಳ್ ಅಲೆಮಾರಿ ಹೆಂಗಾಯ್ತಾಳೆ? ಬಾಚಣಿಗೆ ಇನ್ನೂ ತಲೇಲೇ ಐತೆ ನೋಡಿ."

ನಿಜವಾಗಿಯೂ ಇತ್ತು. ತೆಗೆದು ತೋರಿಸಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಮೇಜು ಕುಟ್ಟಿದರು.

ನಾಲ್ಕನೆಯವಳು ಫಲೇಸಿ. ಅವಳ ಮೀನು ಗುಡಿಸಲ ಮಾಡಿನ ಮೇಲೆ ಒಣಗಲು ಹಾಕಿದ್ದು, ಮಳೆ ಬಂದರೆ ಎಲ್ಲ ಕೊಳೆತುಹೋಗುತ್ತದೆ. ಕಟಕಟೆಯೊಳಗೆ ಅವಳು ಹಿಡಿಸಲೂ ಇಲ್ಲ, ಅಡ್ಡಕ್ಕೆ ನಿಂತಳು. "ಒಪ್ಪಲ್ಲ," ಅಂದಳು. ನನ್ನ ಕಡೆ ತಿರುಗಿ, "ಎಲ್ಲಾ ನಿನ್ನಿಂದ ಕಣೇ ಹಾಳಾದೋಳೇ, ನನ್ ಮೀನೆಲ್ಲಾ ಬೆಕ್ಕಿನ ಪಾಲು," ಅಂತ ಕೋರ್ಟಿನೊಳಗೇ ಬೈದಳು. ಮತ್ತೆ ಸಾಹೇಬರಿಗೆ, "ಒಪ್ಪಲ್ಲ ಅಂದ್ನಲ್ಲ, ಬರ್‍ಕಳಿ."

ಆಮೇಲೆ ಒಬ್ಬೊಬ್ಬಳೂ ಬಂದಳು. ಒಬ್ಬಳು ತೊದಲಿದಳು, ಒಬ್ಬಳು ಉಚ್ಚೆ ಬರುತ್ತದೆ ಅಂದಳು, ಆದರೆ ಹೌದು ಅಂದವಳು ಇಲ್ಲ. ಸಾಹೇಬರ ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಇಷ್ಟು ಜನಕ್ಕೆ ವಿಚಾರಣೆ, ಇಷ್ಟು ಜನಕ್ಕೆ ಸಾಕ್ಷಿ, ಜೈಲಿನಲ್ಲಿ ಕಾಲಿಡಲು ಜಾಗವಿಲ್ಲ. ಅವರು ಕಿಟಕಿಯಾಚೆ ಹುಲ್ಲಿನ ಕಡೆ ನೋಡಿದರು, ನಮಕ್ವಾನ ಕಡೆ ನೋಡಿದರು, "ವಿಚಾರಣೆಯವರೆಗೆ ಎಲ್ಲರೂ ಜೈಲಿಗೆ" ಅಂದು ಎದ್ದು ಒಳಗೆ ಹೋದರು.

*

ಹೊರಗೆ ಜಗುಲಿಯಲ್ಲಿ ಪಾದ್ರಿ ದಾರಿಗೆ ಅಡ್ಡ ನಿಂತರು, ಚೀಲದ ಬಾಯಿ ಅಗಲಿಸಿಕೊಂಡು. "ಕೊಡು ತಾಯಿ. ಜೈಲಿಗೆ ಹೋಗೋಳ ಮೈಮೇಲೆ ಅದು ಇರಬಾರದು."

ದೋರಿಕಮ್ಮ ನಿಂತಳು. ಅವರ ಬೂಟು ನೋಡಿದಳು, ಚೀಲ ನೋಡಿದಳು.

"ನಾನಿನ್ನೂ ಅಪರಾಧಿ ಅಲ್ಲ ಪಾದ್ರಿಗಳೇ. ತೀರ್ಪು ಆಗಿಲ್ಲ. ಆದ್ಮೇಲ್ ಬನ್ನಿ." ಅಂದವಳು ರವಿಕೆಯ ಮೇಲಿನ ಗುಂಡಿಯನ್ನೂ ಹಾಕಿಕೊಂಡಳು.

ಪಾದ್ರಿ ಚೀಲವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಅದೊಂದನ್ನು ನೋಡಿದ್ದಕ್ಕೆ ನನಗೆ ಒಂದು ವಾರದ ಜೈಲು ಮನ್ನಾ ಆದಷ್ಟು ಖುಷಿಯಾಯಿತು.

ಲಾರಿ ಹತ್ತಿದೆವು. ಅಂಗಳದ ನಡುವೆ ಲಿಜಿನೆಟ್ ಒಬ್ಬಳೇ ಕತ್ತಿ ಬೀಸುತ್ತಿದ್ದಳು, ಬೆನ್ನಿನ ಬಟ್ಟೆ ಬೆವರಿಗೆ ಅಂಟಿತ್ತು. ಅವಳ ಸುತ್ತ ಚಾಪೆಯಗಲ ಹುಲ್ಲು ಬಿದ್ದಿತ್ತು, ಉಳಿದದ್ದೆಲ್ಲ ಗೇಟಿನಿಂದ ಬಾವುಟದ ಕಂಬದವರೆಗೂ ಗಾಳಿಗೆ ಆರಾಮಾಗಿ ತೂಗುತ್ತಿತ್ತು. ಜಗುಲಿಯ ಗೋಡೆಗೆ ಕತ್ತಿಗಳ ಸಾಲು ಹಾಗೇ ಒರಗಿತ್ತು. ನಾಳೆ ಮಂತ್ರಿ.

"ಲೇ ಎನಿಫಾ, ನಮಕ್ವಾ ತಾನೇ ಕೊಚ್ತಾನೇನೋ ನೋಡು," ಅಂದಳು ಫಲೇಸಿ. ಅವನು ಒಂದು ಕತ್ತಿ ಕೈಗೆತ್ತಿಕೊಂಡಿದ್ದ. ನಾವೆಲ್ಲ ಲಾರಿಯ ಅಂಚಿಗೆ ಬಂದು ಇಣುಕಿದೆವು. ಬೂಟು ಹಾಕಿದ ಕಾಲಿನಿಂದ ಹುಲ್ಲನ್ನು ಒಂದು ಸಲ ಒದ್ದ. ಬೆವರು ಒರೆಸಿಕೊಂಡ. ಲಾರಿ ಹೊರಟಿತು.

ನಮಕ್ವಾ ಕೊಚ್ಚಲಿಲ್ಲ. ಗೇಟಿನ ಹತ್ತಿರ ಬಂದು ರಸ್ತೆಯ ಆ ಕಡೆ ಈ ಕಡೆ ನೋಡಿದ.

ರಸ್ತೆಯಲ್ಲಿ ಒಬ್ಬ ಹುಡುಗಿ ತಲೆಯ ಮೇಲೆ ನೀರಿನ ಬಕೆಟ್ಟು ಹೊತ್ತು ಬರುತ್ತಿದ್ದಳು. ಹಾಡು ಗುನುಗುತ್ತಿದ್ದಳು ಅಂತ ಕಾಣುತ್ತದೆ, ಹೆಜ್ಜೆ ಹಾಗಿತ್ತು.

"ಏಯ್! ಬಾ ಇಲ್ಲಿ. ಎಲ್ಲಿಗ್ ಹೊಂಟಿದ್ಯೇ?"

ಹುಡುಗಿ ನಿಂತಳು. ಎರಡು ಕೈಯಲ್ಲಿ ಬಕೆಟ್ಟನ್ನು ಕೆಳಗಿಳಿಸಿದಳು. ಲಂಗ ಒತ್ತಟ್ಟಿಗೆ ಸರಿಸಿಕೊಂಡಳು, ಮಂಡಿ ಬಗ್ಗಿತು.

ನನ್ನ ಪಕ್ಕದಲ್ಲಿ ದೋರಿಕಮ್ಮ ಎದ್ದು ನಿಂತಳು. ಓಡುವ ಲಾರಿಯಲ್ಲಿ, ಯಾವುದನ್ನೂ ಹಿಡಿದುಕೊಳ್ಳದೆ. ಊರಿನ ಹೆಣಗಳಿಗೆಲ್ಲ ಹಾಡಿದ ಗಂಟಲು ಅದು, ಅಂಥಾ ಗಂಟಲಿನಿಂದ ಬೈಗುಳ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

"ಊರ್‍ಬ್ಯಾಡ್ವೇ ಮುಂಡೇದೇ! ನಿಂತ್ಕೊಂಡ್ ಹೇಳೇ! ನಿಂತ್ಕೋ!"

ಹುಡುಗಿ ತಲೆಯೆತ್ತಿ ನಮ್ಮನ್ನು ನೋಡಿದಳು. ನಮಕ್ವಾನೂ ನೋಡಿದ. ಅವಳ ಮಂಡಿಗೂ ನೆಲಕ್ಕೂ ನಡುವೆ ಒಂದು ಗೇಣು ಉಳಿದಿತ್ತು. ಲಾರಿ ಮಾರ್ಕೆಟ್ಟಿನ ತಿರುವಿಗೆ ಹೊರಳಿತು.